54 ಹೋಂ ರನ್, 104 ವರ್ಷ

1920ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡಕ್ಕೆ ಹೊಸದಾಗಿ ಬಂದ ಆಟಗಾರರೊಬ್ಬರು ಆ ಋತುವಿನಲ್ಲಿ 54 ಹೋಂ ರನ್ ಬಾರಿಸಿದರು. ಅವರ ಹೆಸರು ಬೇಬ್ ರೂತ್. 2024ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಹೊಸದಾಗಿ ಬಂದ ಇನ್ನೊಬ್ಬ ಆಟಗಾರ ಬಾರಿಸಿದ್ದೂ 54. ಇವರು ಜಪಾನಿನ ಶೊಹೇ ಒಹ್ತಾನಿ. ಇಬ್ಬರೂ ಎಡಗೈ ಬ್ಯಾಟರ್‌ಗಳು. ಇಬ್ಬರೂ ಬ್ಯಾಟಿನಷ್ಟೇ ಚೆಂಡೆಸೆತದಲ್ಲೂ ಎದುರಾಳಿಗಳನ್ನು ಕಾಡಿದ ಪಿಚರ್‌ಗಳು. ನಡುವೆ ಉರುಳಿದ್ದು 104 ವರ್ಷ.

ಆದರೆ ಆ ಎರಡು 54ಗಳನ್ನು ಅಕ್ಕಪಕ್ಕ ಇಟ್ಟು ತೂಗಲು ಹೊರಟರೆ ತಕ್ಕಡಿ ನಿಲ್ಲುವುದಿಲ್ಲ. 1920ರಲ್ಲಿ ರೂತ್ ಆಡುತ್ತಿದ್ದ ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಒಂದು ಕೂಡ, ತನ್ನ ಎಲ್ಲ ಆಟಗಾರರ ಹೋಂ ರನ್ ಕೂಡಿಸಿದರೂ, ರೂತ್ ಒಬ್ಬರ ಲೆಕ್ಕವನ್ನು ಮುಟ್ಟಲಿಲ್ಲ. ಲೀಗ್‌ನಲ್ಲಿ ಅವರ ನಂತರದ ಸ್ಥಾನದಲ್ಲಿದ್ದ ಜಾರ್ಜ್ ಸಿಸ್ಲರ್ ಹೊಡೆದದ್ದು 19. 2024ರಲ್ಲಾದರೋ 30 ತಂಡಗಳೂ ನೂರರ ಗಡಿ ದಾಟಿದ್ದವು. ಒಹ್ತಾನಿಗಿಂತ ಮುಂದೆ ಇನ್ನೊಬ್ಬರಿದ್ದರು, 58 ಬಾರಿಸಿದ ಏರನ್ ಜಡ್ಜ್. ಹಾಗೆಂದು ಒಹ್ತಾನಿಯ 54 ಅಗ್ಗದ್ದೆಂದು ತಿಳಿಯುವಂತಿಲ್ಲ. ಅವರು ಎದುರಿಸಿದ ಎಸೆತಗಳ ವೇಗವಾಗಲೀ ವೈವಿಧ್ಯವಾಗಲೀ ರೂತ್ ಕಾಲದವರ ಕಲ್ಪನೆಗೂ ಬಂದಿರಲಾರದು. ಸಾಲದ್ದಕ್ಕೆ ಅದೇ ಋತುವಿನಲ್ಲಿ ಅವರು 59 ಬೇಸ್‌ಗಳನ್ನೂ ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ನೆಲೆ ಹಿಡಿದರು. ಒಂದೇ ಋತುವಿನಲ್ಲಿ 50 ಹೋಂ ರನ್, 50 ಬೇಸ್ ಎರಡನ್ನೂ ದಾಟಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಕ್ರಿಕೆಟ್ ಬಲ್ಲವರಿಗೆ ಹೋಂ ರನ್ ಎಂದರೇನೆಂದು ಹೇಳುವುದು ಸುಲಭ. ಸಿಕ್ಸರ್‌ನಂತೆ ಚೆಂಡು ನೆಲ ಮುಟ್ಟದೆ ಬೇಲಿ ದಾಟಬೇಕು. ಕಷ್ಟ ಎಲ್ಲಿದೆ ಎಂದರೆ, ಇಲ್ಲಿ ಮೈದಾನದ ಸುತ್ತಳತೆಯೆಲ್ಲ ಬ್ಯಾಟರ್‌ನದಲ್ಲ. ಎದುರಿನ 90 ಡಿಗ್ರಿ ಕೋನದೊಳಗೇ ಚೆಂಡು ಹೋಗಬೇಕು. ಹಿಂದಕ್ಕೆ, ಪಕ್ಕಕ್ಕೆ ತಟ್ಟಿ ಕಳಿಸಿದ್ದಕ್ಕೆ ಬೆಲೆಯಿಲ್ಲ. ಬ್ಯಾಟು ಚಪ್ಪಟೆಯಲ್ಲ, ಒನಕೆಯಂತೆ ಗುಂಡಗೆ. ಬೇಲಿ ಸಾಮಾನ್ಯವಾಗಿ ಬದಿಗಳಲ್ಲಿ 330 ಅಡಿ, ನಡುವೆ 400 ಅಡಿಯ ಆಸುಪಾಸಿನಲ್ಲಿರುತ್ತದೆ. ಪಿಚರ್ ನಿಲ್ಲುವುದು 60 ಅಡಿ 6 ಅಂಗುಲ ದೂರದಲ್ಲಿ, ಅದೂ ಒಂದು ದಿಬ್ಬದ ಮೇಲೆ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತ ಅಲ್ಲಿಂದ ಬ್ಯಾಟರ್ ಬಳಿ ಬರಲು ಬೇಕಾದ ಸಮಯ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ಒಂದು ಪಂದ್ಯದಲ್ಲಿ ಒಬ್ಬ ಬ್ಯಾಟರ್‌ಗೆ ಸಿಗುವುದು ನಾಲ್ಕೈದು ಸರದಿ ಮಾತ್ರ. 2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ ಒಂದೇ ಇನಿಂಗ್ಸ್‌ನಲ್ಲಿ 17 ಸಿಕ್ಸರ್ ಎತ್ತಿದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯದ ದಾಖಲೆ ನಾಲ್ಕು ಹೋಂ ರನ್. ಅದನ್ನು ಮೀರಿದವರು ಈವರೆಗೆ ಇಲ್ಲ.

ರೂತ್‌ಗೆ ಮುಂಚಿನ ಎರಡು ದಶಕಗಳನ್ನು ಬೇಸ್‌ಬಾಲ್ ಇತಿಹಾಸಕಾರರು ‘ಡೆಡ್ ಬಾಲ್’ ಕಾಲ ಎಂದು ಕರೆಯುತ್ತಾರೆ. ಒಂದೇ ಚೆಂಡಿನಲ್ಲಿ ಸಾಧ್ಯವಾದಷ್ಟೂ ಹೊತ್ತು ಆಡುವುದು ಆಗಿನ ರೂಢಿ. ಪಿಚರ್‌ಗಳು ಅದಕ್ಕೆ ಎಂಜಲು ಹಚ್ಚುತ್ತಿದ್ದರು, ತಂಬಾಕಿನ ರಸ ಬಳಿಯುತ್ತಿದ್ದರು, ಮಣ್ಣು ತಿಕ್ಕುತ್ತಿದ್ದರು. ಪಂದ್ಯ ಮುಗಿಯುವ ವೇಳೆಗೆ ಚೆಂಡು ಕಪ್ಪಾಗಿ, ಮೆತ್ತಗಾಗಿ, ಹೊಡೆದರೂ ದೂರ ಹೋಗದ ಸ್ಥಿತಿಗೆ ಬರುತ್ತಿತ್ತು. 1908ರಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಇಡೀ ಋತುವಿನಲ್ಲಿ ಬಾರಿಸಿದ್ದು ಮೂರೇ ಹೋಂ ರನ್. ‘ಹೋಂ ರನ್’ ಬೇಕರ್ ಎಂದೇ ಹೆಸರಾಗಿದ್ದ ಫ್ರಾಂಕ್ ಬೇಕರ್ 1911ರಿಂದ ನಾಲ್ಕು ವರ್ಷ ಸತತವಾಗಿ ತಮ್ಮ ಲೀಗ್‌ನ ಮೊದಲಿಗರಾಗಿದ್ದರು. ಅವರ ಅತ್ಯುತ್ತಮ ಋತುವಿನ ಲೆಕ್ಕ 12. ಆಗ ಜಾಣ ಬ್ಯಾಟರ್ ಎನಿಸಿಕೊಳ್ಳುತ್ತಿದ್ದವರು ಚೆಂಡನ್ನು ಮೆಲ್ಲಗೆ ತಟ್ಟಿ, ಫೀಲ್ಡರ್‌ಗಳ ನಡುವಿನ ಸಂದಿಯಲ್ಲಿ ಓಡಿಸಿ, ಬೇಸ್ ಕದ್ದು ಒಂದೊಂದೇ ರನ್ ಕೂಡಿಸುವವರು.

1920ರ ಆಗಸ್ಟ್ 16ರಂದು ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಬಡಿಯಿತು. ಮರುದಿನ ಅವರು ತೀರಿಕೊಂಡರು. ಮೇಜರ್ ಲೀಗ್ ಪಂದ್ಯದಲ್ಲಿ ಎಸೆತದ ಏಟಿಗೆ ಸಿಕ್ಕಿ ಸತ್ತ ಒಬ್ಬರೇ ಆಟಗಾರ ಅವರು. ಕೊಳೆಯಾದ ಚೆಂಡು ಕಣ್ಣಿಗೆ ಬೀಳುವುದಿಲ್ಲ ಎಂಬ ಮಾತು ಆಗ ಬಲವಾಯಿತು. ಚೆಂಡು ಮಾಸಿದೊಡನೆ ಬದಲಿಸುವ ಪದ್ಧತಿ ಬಂತು. ಎಂಜಲು ಹಚ್ಚಿ ಎಸೆಯುವುದಕ್ಕೆ ಆ ಋತುವಿನ ಆರಂಭದಲ್ಲೇ ನಿರ್ಬಂಧ ಬಿದ್ದಿತ್ತು. ಹೊಡೆಯುವವರ ಕಾಲ ಶುರುವಾದದ್ದು ಹೀಗೆ. ರೂತ್‌ರ ಹೆಗ್ಗಳಿಕೆಯೆಲ್ಲ ಬಿಳಿ ಚೆಂಡಿನದೇ ಎಂದು ಕೆಲವರು ವಾದಿಸುವುದುಂಟು. ಆ ವಾದ ನಿಲ್ಲುವುದಿಲ್ಲ. ಚೆಂಡು ಇನ್ನೂ ಕಪ್ಪಾಗಿದ್ದ 1919ರಲ್ಲೇ, ಬಾಸ್ಟನ್ ರೆಡ್ ಸಾಕ್ಸ್ ಪರ ಆಡುತ್ತಾ, ಪಿಚಿಂಗ್ ಕೂಡ ಮಾಡುತ್ತಾ, ರೂತ್ 29 ಹೋಂ ರನ್‌ಗಳ ಹೊಸ ದಾಖಲೆ ಬರೆದಿದ್ದರು. ಹಳೆಯ ದಾಖಲೆ 1884ರದು.

ರೂತ್ ಬ್ಯಾಟನ್ನು ಅದರ ತುದಿಯಲ್ಲಿ ಹಿಡಿದು, ಮೈಯೆಲ್ಲ ತಿರುಗಿಸಿ, ಮೇಲ್ಮುಖವಾಗಿ ಬೀಸುತ್ತಿದ್ದರು. ಸ್ಟ್ರೈಕ್‌ಔಟ್ ಆಗುವ, ಅಂದರೆ ಮೂರು ಸ್ಟ್ರೈಕ್‌ಗೆ ಔಟಾಗುವ ಅಪಾಯವನ್ನು ಲೆಕ್ಕಿಸುತ್ತಿರಲಿಲ್ಲ. ಹಿಡಿದದ್ದು 40 ಔನ್ಸ್‌ಗೂ ಮೀರಿದ ಬ್ಯಾಟು. ಇಂದಿನವರದು 31ರಿಂದ 33 ಔನ್ಸ್. 1921ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯಕ್ಕೆ ಅವರನ್ನು ಕರೆದೊಯ್ದು ಕಣ್ಣು, ಕಿವಿ, ಕೈಗಳ ಚುರುಕನ್ನು ಅಳೆದರು. ಸಾಮಾನ್ಯರಿಗಿಂತ ಅವೆಲ್ಲ ವೇಗವಾಗಿವೆ ಎಂಬ ಫಲಿತಾಂಶ ಬಂತು. ಒಬ್ಬ ಆಟಗಾರ ಹೀಗೆ ಹೊಡೆಯಬಲ್ಲ ಎಂಬುದನ್ನು ಜನ ವಿಜ್ಞಾನದ ಸಾಕ್ಷಿಯಿಲ್ಲದೆ ನಂಬಲು ತಯಾರಿರಲಿಲ್ಲ ಎಂಬುದಕ್ಕೆ ಈ ಪರೀಕ್ಷೆಯೇ ಪುರಾವೆ.

1927ರಲ್ಲಿ ಅವರು 60 ಹೊಡೆದರು. ಆ ವರ್ಷ ಮೇಜರ್ ಲೀಗ್‌ನೊಳಗಿನ ಎರಡೂ ಲೀಗ್‌ಗಳ 16 ತಂಡಗಳು ಸೇರಿ ಬಾರಿಸಿದ ಹೋಂ ರನ್ 922, ಅಂದರೆ ತಂಡವೊಂದಕ್ಕೆ ಸರಾಸರಿ 58ಕ್ಕೂ ತುಸು ಕಡಿಮೆ. ರೂತ್ ಒಬ್ಬರೇ ಒಂದು ಸರಾಸರಿ ತಂಡಕ್ಕಿಂತ ಹೆಚ್ಚು. ಇದೇ ಅಳತೆಗೋಲನ್ನು 2022ಕ್ಕೆ ಹಿಡಿಯೋಣ. ಜಡ್ಜ್ 62 ಬಾರಿಸಿ ಅಮೆರಿಕನ್ ಲೀಗ್ ದಾಖಲೆ ಮುರಿದ ಆ ವರ್ಷ 30 ತಂಡಗಳು ಹೊಡೆದದ್ದು 5,215. ತಂಡಕ್ಕೆ ಸರಾಸರಿ ಸುಮಾರು 174. ಜಡ್ಜ್ ಪಾಲು ಅದರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಸಮಕಾಲೀನರನ್ನು ಹಿಂದಿಕ್ಕುವ ವಿಷಯದಲ್ಲಿ ರೂತ್‌ರನ್ನು ಸಮೀಪಿಸಿದವರು ಹುಟ್ಟಿಲ್ಲ. ಬ್ಯಾಟಿನ ಆಟಗಳಲ್ಲೆಲ್ಲ ಹುಡುಕಿದರೂ ಇಂಥ ಅಂತರ ಇನ್ನೊಂದು ಕಡೆಯಷ್ಟೇ ಸಿಕ್ಕೀತು, ಡಾನ್ ಬ್ರಾಡ್‌ಮನ್‌ರ ಟೆಸ್ಟ್ ಸರಾಸರಿ 99.94ರಲ್ಲಿ. 1932ರ ಜುಲೈನಲ್ಲಿ ಬ್ರಾಡ್‌ಮನ್ ಅಮೆರಿಕ ಪ್ರವಾಸದಲ್ಲಿದ್ದಾಗ ಯಾಂಕೀ ಸ್ಟೇಡಿಯಂನಲ್ಲಿ ರೂತ್ ಪಕ್ಕ ಕುಳಿತು ಪಂದ್ಯ ನೋಡಿದ್ದರು. ಆ ಇಬ್ಬರೂ ಒಂದೆಡೆ ಕೂತ ಚಿತ್ರ ಇಂದಿಗೂ ಉಳಿದಿದೆ.

ಇಲ್ಲಿಗೇ ನಿಂತರೆ ರೂತ್ ಗೆದ್ದಂತೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಬಹಳಷ್ಟಿದೆ. ರೂತ್ ಕಾಲದ ಪಂದ್ಯಗಳೆಲ್ಲ ಹಗಲಲ್ಲೇ ನಡೆಯುತ್ತಿದ್ದವು. ಮೇಜರ್ ಲೀಗ್‌ನ ಮೊದಲ ರಾತ್ರಿ ಪಂದ್ಯ ನಡೆದದ್ದು ಅವರು ನಿವೃತ್ತರಾದ 1935ರ ಮೇ ತಿಂಗಳಲ್ಲಿ. ಆಟ ಆರಂಭಿಸಿದ ಪಿಚರ್ ಸುಮಾರು ಅರ್ಧದಷ್ಟು ಸಲ ತಾನೇ ಮುಗಿಸುತ್ತಿದ್ದರು. ಹೀಗಾಗಿ ನಾಲ್ಕನೇ ಸರದಿಗೆ ಬಂದ ರೂತ್ ಎದುರು ಅನೇಕ ಸಲ ಮೊದಲಿನಿಂದ ಎಸೆದು ದಣಿದ ತೋಳೇ ಇರುತ್ತಿತ್ತು. ಯಾಂಕೀ ಸ್ಟೇಡಿಯಂನ ಬಲಬದಿಯ ಬೇಲಿ 300 ಅಡಿಯೂ ಇರಲಿಲ್ಲ. ಎಡಗೈ ಬ್ಯಾಟರ್‌ಗೆ ಅದು ವರವೇ ಸರಿ. ನೆಲಕ್ಕೆ ಪುಟಿದು ಬೇಲಿ ಹಾರಿದ ಚೆಂಡನ್ನೂ ಆಗಿನ ನಿಯಮ ಹೋಂ ರನ್ ಎಂದೇ ಎಣಿಸುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಸಂಗತಿ ಬೇರೆಯಿದೆ. ರೂತ್ ಆಡಿದ ಅಷ್ಟೂ ವರ್ಷ ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ಸ್ಯಾಚೆಲ್ ಪೇಜ್ ಅವರಂಥ ಅಸಾಧಾರಣ ಪಿಚರ್‌ಗಳನ್ನು ಅಧಿಕೃತ ಪಂದ್ಯದಲ್ಲಿ ರೂತ್ ಎದುರಿಸಲೇ ಇಲ್ಲ. ಅವರೆಲ್ಲ ತಮ್ಮದೇ ನೀಗ್ರೊ ಲೀಗ್‌ಗಳಲ್ಲಿ, ಕಡಿಮೆ ಸಂಬಳಕ್ಕೆ, ಬಸ್ಸಿನಲ್ಲಿ ಊರೂರು ಅಲೆಯುತ್ತಾ ಆಡುತ್ತಿದ್ದರು. ಅಲ್ಲಿನ ಹೋಂ ರನ್ ದೊರೆ ಜಾಶ್ ಗಿಬ್ಸನ್. ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಲ್ಲಿ ವಿಕೆಟ್ ಕೀಪರ್‌ನಂಥ ಕ್ಯಾಚರ್ ಆಗಿದ್ದ ಅವರು 1947ರ ಜನವರಿಯಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಮೂರು ತಿಂಗಳಿಗೆ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು ಬಣ್ಣದ ಗೋಡೆ ಒಡೆದರು. ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿರುವ ಗಿಬ್ಸನ್ ಫಲಕ ಅವರ ಹೋಂ ರನ್‌ಗಳನ್ನು 800ರ ಸಮೀಪಕ್ಕೆ ಲೆಕ್ಕ ಹಾಕುತ್ತದೆ. ಅದರಲ್ಲಿ ಬಹುಪಾಲು ಊರೂರಿನ ಸ್ವತಂತ್ರ ಪಂದ್ಯಗಳಲ್ಲಿ ಹೊಡೆದವು. ಸ್ಕೋರುಪಟ್ಟಿ ಉಳಿದಿರುವ ಲೀಗ್ ಪಂದ್ಯಗಳಿಂದ ಖಚಿತವಾಗಿ ಎಣಿಸಲು ಸಿಕ್ಕಿದ್ದು 200ಕ್ಕೂ ಕಡಿಮೆ. 2024ರ ಮೇ ತಿಂಗಳಲ್ಲಿ ನೀಗ್ರೊ ಲೀಗ್ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡಾಗ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲೂ, ದೊಡ್ಡ ಹೊಡೆತಗಳನ್ನು ಅಳೆಯುವ ಸ್ಲಗಿಂಗ್ ಸರಾಸರಿಯಲ್ಲೂ ಗಿಬ್ಸನ್ ಮೊದಲ ಸ್ಥಾನಕ್ಕೆ ಬಂದರು. ಸ್ಲಗಿಂಗ್‌ನಲ್ಲಿ ಅವರು ಹಿಂದಿಕ್ಕಿದ್ದು ರೂತ್‌ರನ್ನೇ. ಅಷ್ಟು ಹೊತ್ತಿಗೆ ಗಿಬ್ಸನ್ ಸತ್ತು 77 ವರ್ಷ ಕಳೆದಿತ್ತು. ಹಳೆಯ ಹೋಂ ರನ್ ಪಟ್ಟಿಗಳನ್ನು ನೋಡುವಾಗಲೆಲ್ಲ ಈ ಅನ್ಯಾಯ ನೆನಪಿನಲ್ಲಿರಬೇಕು. ಅಲ್ಲಿರುವುದು ಬಾಗಿಲೊಳಗೆ ಬಿಟ್ಟವರ ಲೆಕ್ಕ ಮಾತ್ರ.

ರೂತ್‌ರ 60ರ ದಾಖಲೆ 34 ವರ್ಷ ಉಳಿಯಿತು. 1961ರ ಅಕ್ಟೋಬರ್ 1ರಂದು, ಋತುವಿನ ಕೊನೆಯ ದಿನ, ಯಾಂಕೀಸ್‌ನವರೇ ಆದ ರಾಜರ್ ಮ್ಯಾರಿಸ್ 61ನೆಯದನ್ನು ಬಾರಿಸಿದರು. ಜನ ಕುಣಿದಾಡಬೇಕಿತ್ತು, ಆದರೆ ಕ್ರೀಡಾಂಗಣದ ಆಸನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದವು. ಅದೇ ವರ್ಷ ಅಮೆರಿಕನ್ ಲೀಗ್ ತಂಡಗಳ ಸಂಖ್ಯೆ ಎಂಟರಿಂದ ಹತ್ತಕ್ಕೆ, ಪಂದ್ಯಗಳ ಸಂಖ್ಯೆ 154ರಿಂದ 162ಕ್ಕೆ ಏರಿತ್ತು. 154 ಪಂದ್ಯದೊಳಗೆ ಮುರಿಯದಿದ್ದರೆ ದಾಖಲೆಯನ್ನು ಬೇರೆಯಾಗಿ ನಮೂದಿಸಬೇಕೆಂದು ಮೇಜರ್ ಲೀಗ್ ಆಯುಕ್ತ ಫೋರ್ಡ್ ಫ್ರಿಕ್ ಋತುವಿನ ನಡುವೆಯೇ ತೀರ್ಪು ಕೊಟ್ಟರು. ಈ ಫ್ರಿಕ್ ಹಿಂದೆ ಪತ್ರಕರ್ತರಾಗಿದ್ದಾಗ ರೂತ್ ಹೆಸರಿನಲ್ಲಿ ಬರಹಗಳನ್ನು ಬರೆದುಕೊಡುತ್ತಿದ್ದವರು! ಒತ್ತಡಕ್ಕೆ ಮ್ಯಾರಿಸ್‌ರ ತಲೆಗೂದಲು ಉದುರಿತು. 1991ರಲ್ಲಿ ಸಮಿತಿಯೊಂದು ಆ ಭೇದವನ್ನು ತೆಗೆದುಹಾಕಿ 61ಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಮ್ಯಾರಿಸ್ 1985ರಲ್ಲೇ ತೀರಿಕೊಂಡಿದ್ದರು.

ಹ್ಯಾಂಕ್ ಏರನ್ ಅನುಭವಿಸಿದ್ದರ ಮುಂದೆ ಅದೂ ಸಣ್ಣದು. ಅಲಬಾಮಾದ ಮೊಬೀಲ್‌ನಲ್ಲಿ 1934ರಲ್ಲಿ ಹುಟ್ಟಿದ ಏರನ್ 1952ರಲ್ಲಿ ನೀಗ್ರೊ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಆಡಿ, ಎರಡು ವರ್ಷಕ್ಕೆ ಮೇಜರ್ ಲೀಗ್ ಮುಟ್ಟಿದರು. ಆರಡಿ ಎತ್ತರ, ಸುಮಾರು 82 ಕಿಲೋ ತೂಕ. ದೈತ್ಯನೇನಲ್ಲ, ಬಲವೆಲ್ಲ ಮಣಿಕಟ್ಟಿನಲ್ಲಿತ್ತು. ಒಂದೇ ಒಂದು ಋತುವಿನಲ್ಲೂ ಅವರು 50 ಮುಟ್ಟಲಿಲ್ಲ. ಅತಿ ಹೆಚ್ಚೆಂದರೆ 47. ಆದರೆ 1955ರಿಂದ 1974ರವರೆಗೆ 20 ಋತು ಸತತವಾಗಿ 20ಕ್ಕೆ ಕಡಿಮೆಯಿಲ್ಲದಂತೆ ಬಾರಿಸುತ್ತಲೇ ಹೋದರು. ಸದ್ದಿಲ್ಲದೆ ರೂತ್‌ರ ಜೀವಮಾನದ ಲೆಕ್ಕ 714ರ ಹತ್ತಿರಕ್ಕೆ ಬಂದಾಗ ದೇಶ ತಲೆಯೆತ್ತಿ ನೋಡಿತು. ನೋಡಿದವರಲ್ಲಿ ಹಲವರಿಗೆ ಸಹಿಸಲಾಗಲಿಲ್ಲ. 1973ರಲ್ಲಿ ಅವರಿಗೆ ಬಂದ ಕಾಗದಗಳು ಸುಮಾರು 9,30,000. ಬೆಂಬಲದ ಮಾತು ಬೇಕಾದಷ್ಟಿತ್ತು. ಜನಾಂಗದ ಹೆಸರೆತ್ತಿ ಬೈದವೂ, ಕೊಂದೇ ಬಿಡುತ್ತೇವೆಂದು ಬರೆದವೂ ರಾಶಿ ರಾಶಿ ಇದ್ದವು. ಆ ಋತು ಮುಗಿದಾಗ ಅವರು 713ರಲ್ಲಿ ನಿಂತಿದ್ದರು. ಇಡೀ ಚಳಿಗಾಲ ಅಂಗರಕ್ಷಕರ ನಡುವೆ ಕಾಯಬೇಕಾಯಿತು. 1974ರ ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ, 53,775 ಜನರ ಮುಂದೆ, ಆಲ್ ಡೌನಿಂಗ್ ಎಸೆತವನ್ನು ಎಡಬದಿಯ ಬೇಲಿಯಾಚೆ ಕಳಿಸಿ 715 ಮಾಡಿದರು. ಬೇಸ್‌ಗಳನ್ನು ಸುತ್ತಿ ಬಂದ ಮಗನನ್ನು ತಾಯಿ ಬಿಗಿದಪ್ಪಿಕೊಂಡರು. ಆಗಿನ ಆಯುಕ್ತರು ಮಾತ್ರ ಮೈದಾನದಲ್ಲಿ ಇರಲಿಲ್ಲ, ಅವರು ಕ್ಲೀವ್‌ಲ್ಯಾಂಡ್‌ನಲ್ಲಿದ್ದರು.

ಏರನ್ 755ಕ್ಕೆ ಮುಗಿಸಿದರು. ಅವರು ಬ್ಯಾಟ್ ಹಿಡಿದ ಸರದಿಗಳು ರೂತ್‌ರಿಗಿಂತ ಸುಮಾರು 4,000 ಹೆಚ್ಚು ಎಂದು ಆಕ್ಷೇಪಿಸುವವರು ಇದ್ದೇ ಇದ್ದಾರೆ. ಲೆಕ್ಕ ಸುಳ್ಳಲ್ಲ, ರೂತ್ 12 ಸರದಿಗೆ ಒಂದರಂತೆ ಹೊಡೆದರೆ ಏರನ್ 16ಕ್ಕೆ ಒಂದು. ಆದರೆ 23 ಋತು ಆ ಮಟ್ಟದಲ್ಲಿ ಉಳಿಯುವುದೂ ಒಂದು ಬಲವೇ. ಅಷ್ಟೇ ಅಲ್ಲ, 1960ರ ದಶಕ ಪಿಚರ್‌ಗಳ ದಶಕ. 1968ರಲ್ಲಿ ಬ್ಯಾಟರ್‌ಗಳು ಎಷ್ಟು ನಲುಗಿದರೆಂದರೆ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಅಂಗುಲದಿಂದ 10ಕ್ಕೆ ಇಳಿಸಬೇಕಾಯಿತು. ಏರನ್ ಹೊಡೆದದ್ದು ಆ ಕಾಲದಲ್ಲಿ, ಕಪ್ಪು ಬಿಳಿ ಎಲ್ಲ ಪಿಚರ್‌ಗಳ ವಿರುದ್ಧ. ಅವರ ಹೋಂ ರನ್‌ಗಳನ್ನೆಲ್ಲ ಅಳಿಸಿಹಾಕಿದರೂ 3,000ಕ್ಕೂ ಹೆಚ್ಚು ಹಿಟ್‌ಗಳು ಉಳಿಯುತ್ತವೆ!

ಪೆಸಿಫಿಕ್ ಸಾಗರದ ಆಚೆ ಆಗ ಇನ್ನೊಬ್ಬರಿದ್ದರು. ಟೋಕಿಯೊದ ಯೊಮಿಯುರಿ ಜೈಂಟ್ಸ್ ತಂಡದ ಸದಾಹರು ಓ. 1959ರಲ್ಲಿ ಬಂದಾಗ ಚೆಂಡು ತಾಗದೆ ಪರದಾಡುತ್ತಿದ್ದ ಈ ಯುವಕನಿಗೆ ತರಬೇತುದಾರ ಹಿರೋಶಿ ಅರಕಾವ ಒಂಟಿಕಾಲಲ್ಲಿ ನಿಂತು ಹೊಡೆಯುವುದನ್ನು ಕಲಿಸಿದರು. ಮೇಲಿನಿಂದ ತೂಗುಬಿಟ್ಟ ಕಾಗದವನ್ನು ಕತ್ತಿಯಿಂದ ಸೀಳುವ ಅಭ್ಯಾಸ ಮಾಡಿಸಿದರು. 1980ರಲ್ಲಿ ನಿವೃತ್ತರಾಗುವಾಗ ಓ ಲೆಕ್ಕ 868. ಜಪಾನಿನ ಮೈದಾನಗಳು ಚಿಕ್ಕವು, ಋತುವೂ ಚಿಕ್ಕದು. ಎರಡನ್ನೂ ತೂಗಿ ನೋಡಬೇಕು. 1974ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಏರನ್ ಮತ್ತು ಓ ನಡುವೆ ಹೋಂ ರನ್ ಸ್ಪರ್ಧೆ ಏರ್ಪಟ್ಟಿತು. ಏರನ್ 10, ಓ 9. ಗೆಳೆತನ ಮಾತ್ರ ಕೊನೆತನಕ ಉಳಿಯಿತು. ಮುಂದೆ ಇಬ್ಬರೂ ಸೇರಿ ಜಗತ್ತಿನ ಮಕ್ಕಳಿಗಾಗಿ ಬೇಸ್‌ಬಾಲ್ ಮೇಳವನ್ನೇ ಆರಂಭಿಸಿದರು.

ಇನ್ನು ಬೇಸರದ ಅಧ್ಯಾಯ. 1994ರ ಆಟಗಾರರ ಮುಷ್ಕರದಿಂದ ಆ ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ರದ್ದಾಗಿ ಪ್ರೇಕ್ಷಕರು ಮುನಿಸಿಕೊಂಡಿದ್ದರು. 1998ರಲ್ಲಿ ಮಾರ್ಕ್ ಮಗ್ವೈರ್ 70, ಸ್ಯಾಮಿ ಸೋಸಾ 66 ಬಾರಿಸಿದಾಗ ಕ್ರೀಡಾಂಗಣಗಳಲ್ಲಿ ಮತ್ತೆ ಸಂಭ್ರಮ ಮೂಡಿತು. 2001ರಲ್ಲಿ ಬ್ಯಾರಿ ಬಾಂಡ್ಸ್ 73ಕ್ಕೆ ಏರಿದರು. 2007ರಲ್ಲಿ ಏರನ್‌ರ 755ನ್ನೂ ದಾಟಿ 762ಕ್ಕೆ ನಿಲ್ಲಿಸಿದರು. ಒಂದು ಋತುವಿನಲ್ಲಿ 60 ಅಥವಾ ಹೆಚ್ಚು ಹೊಡೆದ ಸಂದರ್ಭಗಳು 2025ರವರೆಗಿನ ಇತಿಹಾಸದಲ್ಲೆಲ್ಲ ಹತ್ತು. ಅದರಲ್ಲಿ ಆರು 1998ರಿಂದ 2001ರ ನಾಲ್ಕೇ ವರ್ಷದಲ್ಲಿ ಸಂಭವಿಸಿದವು. ಸೋಸಾ ಮೂರು ಸಲ 60 ದಾಟಿದರೂ ಆ ಮೂರೂ ವರ್ಷ ಲೀಗ್‌ನಲ್ಲಿ ಮೊದಲಿಗರಾಗಲಿಲ್ಲ! ಇಂಥದ್ದು ಸಹಜವಾಗಿ ಆಗುವುದಲ್ಲ. ಉದ್ದೀಪನ ಮದ್ದಿನ ಪರೀಕ್ಷೆ, ಅದಕ್ಕೆ ತಕ್ಕ ಶಿಕ್ಷೆ ಮೇಜರ್ ಲೀಗ್‌ನಲ್ಲಿ ಜಾರಿಗೆ ಬಂದದ್ದೇ 2004ರಲ್ಲಿ. 2007ರ ಡಿಸೆಂಬರ್‌ನ ಮಿಚೆಲ್ ತನಿಖಾ ವರದಿ ಪಿಡುಗಿನ ವ್ಯಾಪ್ತಿಯನ್ನು ಬಯಲಿಗಿಟ್ಟಿತು. 2010ರಲ್ಲಿ ಮಗ್ವೈರ್ ಸ್ಟಿರಾಯ್ಡ್ ಬಳಸಿದ್ದನ್ನು ಒಪ್ಪಿಕೊಂಡರು. ಬಾಂಡ್ಸ್ ತಿಳಿದೂ ತಿಳಿದೂ ಬಳಸಿಲ್ಲ ಎಂದೇ ಹೇಳುತ್ತಾ ಬಂದರು. ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪದಲ್ಲಿ 2011ರಲ್ಲಿ ಬಂದ ತೀರ್ಪು 2015ರಲ್ಲಿ ರದ್ದಾಯಿತು. ಹಾಲ್ ಆಫ್ ಫೇಮ್ ಸೇರಲು ಪತ್ರಕರ್ತರ ಮತಗಳಲ್ಲಿ ಶೇಕಡಾ 75 ಬೇಕು. ಹತ್ತನೇ ಮತ್ತು ಕೊನೆಯ ಅವಕಾಶವಾದ 2022ರಲ್ಲಿ ಬಾಂಡ್ಸ್‌ಗೆ ಬಂದದ್ದು 66.

ದುಃಖವೆಂದರೆ, ಸಂಶಯಕ್ಕೆ ಎಡೆಯಿಲ್ಲದ ವರ್ಷಗಳಲ್ಲೇ ಬಾಂಡ್ಸ್ ಮಹಾನ್ ಆಟಗಾರರಾಗಿದ್ದರು. 1998ರ ಕೊನೆಗೇ ಅವರ ಹೆಸರಿನಲ್ಲಿ 400ಕ್ಕೂ ಹೆಚ್ಚು ಹೋಂ ರನ್, 400ಕ್ಕೂ ಹೆಚ್ಚು ಕದ್ದ ಬೇಸ್‌ಗಳಿದ್ದವು. ಆ ಜೋಡಿ ಇನ್ನಾರಿಗೂ ಇಲ್ಲ. 2004ರಲ್ಲಿ ಪಿಚರ್‌ಗಳು ಅವರಿಗೆ ಹೆದರಿ 232 ಸಲ ವಾಕ್ ಕೊಟ್ಟು, ಅಂದರೆ ಹೊಡೆಯಲು ಬಿಡದೆ, ಮೊದಲ ಬೇಸ್‌ಗೆ ಕಳಿಸಿದರು. ಅದರಲ್ಲಿ 120 ಬೇಕೆಂದೇ ಕೊಟ್ಟವು. ದಾಖಲೆ ಪುಸ್ತಕದಲ್ಲಿ 73 ಮತ್ತು 762 ಹಾಗೆಯೇ ಇವೆ. ಅವನ್ನು ಅಳಿಸುವುದು ಇತಿಹಾಸಕ್ಕೆ ಸುಣ್ಣ ಬಳಿದಂತೆ. ಗೌರವದ ವಿಷಯ ಬೇರೆ. ಅದನ್ನು ಏರನ್‌ಗೆ ಕೊಟ್ಟವರು ತಪ್ಪು ಮಾಡಿಲ್ಲ.

ಈಗಿನವರ ವಿಷಯಕ್ಕೆ ಬಂದರೆ ಮೊದಲು ನೋಡಬೇಕಾದ್ದು ಅವರ ಎದುರಿಗೆ ನಿಲ್ಲುವವರನ್ನು. ಮೇಜರ್ ಲೀಗ್‌ನಲ್ಲಿ ವೇಗದ ಎಸೆತದ ಸರಾಸರಿಯೇ ಇಂದು ಗಂಟೆಗೆ 150 ಕಿಲೋಮೀಟರ್. 160 ಮುಟ್ಟುವ ಪಿಚರ್‌ಗಳು ಹೆಚ್ಚುಕಡಿಮೆ ಎಲ್ಲ ತಂಡಗಳಲ್ಲೂ ಸಿಗುತ್ತಾರೆ. ಆರಂಭದ ಪಿಚರ್ ಐದಾರು ಇನಿಂಗ್ಸ್‌ಗೆ ಇಳಿದುಹೋಗಿ, ದಣಿವಿಲ್ಲದ ಹೊಸ ತೋಳುಗಳು ಒಂದರ ಹಿಂದೊಂದು ಬರುತ್ತವೆ. 2024ರಲ್ಲಿ ಪಿಚರ್ ಒಬ್ಬರೇ ಪಂದ್ಯ ಮುಗಿಸಿದ ಪ್ರಸಂಗಗಳು ಎಲ್ಲ ತಂಡಗಳಿಂದ ಸೇರಿ 30ರ ಆಸುಪಾಸು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಕ್ಯೂಬಾ, ಜಪಾನ್, ಕೊರಿಯಾಗಳ ಪ್ರತಿಭೆಯೆಲ್ಲ ಈಗ ಇದೇ ಕಣದಲ್ಲಿದೆ. ರೂತ್‌ರನ್ನು ಎಬ್ಬಿಸಿ ತಂದು ಇಂದಿನ ಪಿಚರ್ ಎದುರು ನಿಲ್ಲಿಸಿದರೆ ಮೊದಲ ತಿಂಗಳು ಚೆಂಡು ತಾಗುವುದೇ ಕಷ್ಟವಾದೀತು. ಇಂದಿನ ತರಬೇತಿ, ಆಹಾರ, ವಿಡಿಯೊ ಸಿಕ್ಕರೆ ಅವರೂ ಕಲಿತಾರು ಎಂಬುದೂ ಅಷ್ಟೇ ನಿಜ.

ಹೊಡೆಯುವವರಿಗೂ ಹೊಸ ಆಯುಧಗಳು ದೊರೆತಿವೆ. 2015ರಿಂದ ಎಲ್ಲ ಮೈದಾನಗಳಲ್ಲೂ ಇರುವ ‘ಸ್ಟ್ಯಾಟ್‌ಕಾಸ್ಟ್’ ವ್ಯವಸ್ಥೆ ಬ್ಯಾಟಿನಿಂದ ಚೆಂಡು ಸಿಡಿದ ವೇಗ, ಮೇಲೆದ್ದ ಕೋನ ಎಲ್ಲವನ್ನೂ ಆ ಕ್ಷಣವೇ ಅಳೆದುಕೊಡುತ್ತದೆ. 25ರಿಂದ 30 ಡಿಗ್ರಿ ಕೋನದಲ್ಲಿ ಬಲವಾಗಿ ಎದ್ದ ಚೆಂಡು ಬೇಲಿ ದಾಟುವ ಸಾಧ್ಯತೆ ಹೆಚ್ಚೆಂದು ಗೊತ್ತಾದ ಮೇಲೆ ಬ್ಯಾಟರ್‌ಗಳು ಬೀಸುವ ರೀತಿಯನ್ನೇ ತಿದ್ದಿಕೊಂಡರು. 2025ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನ ಓನೀಲ್ ಕ್ರೂಸ್ ಬಾರಿಸಿದ ಹೋಂ ರನ್ ಗಂಟೆಗೆ 198 ಕಿಲೋಮೀಟರ್ ಸಮೀಪದ ವೇಗದಲ್ಲಿ ಬ್ಯಾಟು ಬಿಟ್ಟಿತು. ಈ ಅಳತೆ ಶುರುವಾದ ಮೇಲೆ ಅದೇ ಅತಿ ಬಿರುಸಿನದು. ಇದಕ್ಕೆ ತೆರುವ ಬೆಲೆಯೂ ಇದೆ. 1927ರಲ್ಲಿ ತಂಡವೊಂದು ಪಂದ್ಯಕ್ಕೆ ಮೂರಕ್ಕೂ ಕಡಿಮೆ ಸಲ ಸ್ಟ್ರೈಕ್‌ಔಟ್ ಆಗುತ್ತಿತ್ತು, ಈಗ ಎಂಟಕ್ಕೂ ಹೆಚ್ಚು. ಹೊಡೆದರೆ ಬೇಲಿಯಾಚೆ, ಇಲ್ಲದಿದ್ದರೆ ಔಟ್ ಎಂಬಂತೆ ಬೀಸುತ್ತಿದ್ದರೆಂದು ಹೆಸರಾದ ರೂತ್ ತಮ್ಮ ಜೀವಮಾನದಲ್ಲಿ ಒಂದು ಋತುವಿನಲ್ಲೂ ನೂರು ಸ್ಟ್ರೈಕ್‌ಔಟ್ ಕಂಡವರಲ್ಲ. ಜಡ್ಜ್ 62 ಹೊಡೆದ ವರ್ಷ 175 ಸಲ ಹಾಗೆ ಔಟಾದರು. ಜೋ ಡಿಮ್ಯಾಜಿಯೊ ಇಡೀ ಜೀವಮಾನದಲ್ಲಿ 361 ಹೋಂ ರನ್ ಬಾರಿಸಿ ಆದ ಸ್ಟ್ರೈಕ್‌ಔಟ್ 369. ಅಂಥ ಬ್ಯಾಟಿಂಗ್ ಇನ್ನು ಕಾಣಲು ಸಿಗುವುದು ದುರ್ಲಭ. ಅದು ಈ ಆಟಕ್ಕಾದ ನಷ್ಟವೇ ಹೌದು.

ಚೆಂಡಿನ ಪಾತ್ರವನ್ನೂ ಮರೆಯುವಂತಿಲ್ಲ. ಮೇಜರ್ ಲೀಗ್ ಚೆಂಡುಗಳನ್ನು ಕೋಸ್ಟರಿಕಾದ ತುರಿಯಾಲ್ಬಾ ಎಂಬ ಊರಿನಲ್ಲಿ ಕೈಯಿಂದ ಹೊಲಿಯುತ್ತಾರೆ, ಒಂದೊಂದಕ್ಕೂ 108 ಜೋಡಿ ಹೊಲಿಗೆ. 2014ರಲ್ಲಿ 4,186 ಇದ್ದ ಒಟ್ಟು ಹೋಂ ರನ್ 2019ರಲ್ಲಿ 6,776ಕ್ಕೆ ಹಾರಿದಾಗ ಲೀಗ್ ನೇಮಿಸಿದ ವಿಜ್ಞಾನಿಗಳು ಕಂಡುಕೊಂಡದ್ದೇನೆಂದರೆ, ಚೆಂಡಿಗೆ ಗಾಳಿಯ ತಡೆ ಕಡಿಮೆಯಾಗಿದೆ, ಅದಕ್ಕೆ ಹೊಲಿಗೆಯ ಉಬ್ಬು ತಗ್ಗಿದ್ದೂ ಒಂದು ಕಾರಣ. ಕಣ್ಣಿಗೆ ಕಾಣದಷ್ಟು ಚಿಕ್ಕ ವ್ಯತ್ಯಾಸ ಸಾವಿರಾರು ಹೋಂ ರನ್‌ಗಳಾಗಿ ಬದಲಾಗಬಲ್ಲದು. 2019ರಲ್ಲಿ 40 ಹೊಡೆದವರನ್ನು ಪಿಚರ್‌ಗಳ ವರ್ಷವಾದ 1968ರಲ್ಲಿ 40 ಹೊಡೆದವರ ಸಮಕ್ಕೆ ಕೂರಿಸುವುದು ಅದಕ್ಕೇ ತಪ್ಪು.

ಈ ಎಲ್ಲ ರಿಯಾಯಿತಿ ಕಳೆದ ಮೇಲೂ ಜಡ್ಜ್ ಎತ್ತರದಲ್ಲೇ ನಿಲ್ಲುತ್ತಾರೆ. ಆರಡಿ ಏಳಂಗುಲದ ಈ ಮನುಷ್ಯ 2022ರ ಅಕ್ಟೋಬರ್ 4ರಂದು ಟೆಕ್ಸಾಸ್‌ನಲ್ಲಿ 62ನೆಯದನ್ನು ಬಾರಿಸಿದಾಗ ಅಮೆರಿಕನ್ ಲೀಗ್‌ನಲ್ಲಿ ಅವರ ಹಿಂದಿದ್ದವರ ಲೆಕ್ಕ 40. ಚೆಂಡು ಹಿಂದಿನಷ್ಟು ಹಾರದ ವರ್ಷ ಅದು. 2025ರ ಮಾರ್ಚ್‌ನಲ್ಲಿ ಯಾಂಕೀಸ್ ತಂಡ ಒಂದೇ ಪಂದ್ಯದಲ್ಲಿ ಒಂಬತ್ತು ಹೋಂ ರನ್ ಹೊಡೆದಾಗ, ಕೆಲವರ ಕೈಯಲ್ಲಿದ್ದ ‘ಟಾರ್ಪಿಡೊ’ ಆಕಾರದ ಬ್ಯಾಟಿನದೇ ಸುದ್ದಿಯಾಯಿತು. ಅವತ್ತು ಮೂರು ಬಾರಿಸಿದ ಜಡ್ಜ್ ಹಿಡಿದಿದ್ದು ಮಾಮೂಲಿ ಬ್ಯಾಟು. ಅದೇ ವರ್ಷ ಸಿಯಾಟಲ್ ತಂಡದ ಕ್ಯಾಲ್ ರಾಲಿ 60 ಹೊಡೆದು ಆ ಗಡಿ ಮುಟ್ಟಿದ ಏಳನೆಯವರಾದರು. ರಾಲಿ ಕ್ಯಾಚರ್. ಇನಿಂಗ್ಸ್‌ನುದ್ದಕ್ಕೂ ಕುಕ್ಕರಗಾಲಲ್ಲಿ ಕೂತು, ಮೊಣಕಾಲು ಸವೆಸಿಕೊಂಡು, ಆಮೇಲೆ ಬ್ಯಾಟ್ ಹಿಡಿಯಬೇಕಾದ ಕೆಲಸ. ಅದಕ್ಕೆ ಮುಂಚೆ ಯಾವ ಕ್ಯಾಚರ್ ಕೂಡ 50 ಮುಟ್ಟಿರಲಿಲ್ಲ.

ಹಾಗಾದರೆ ದೊಡ್ಡವರು ಯಾರು? ತನ್ನ ಕಾಲದವರನ್ನು ಹಿಂದೆ ಬಿಟ್ಟ ದೂರವನ್ನು ನೋಡಿದರೆ ರೂತ್. ಎದುರಿಸಿದ ಎಸೆತಗಳ ಕಾಠಿಣ್ಯ ನೋಡಿದರೆ ಜಡ್ಜ್. ಶುದ್ಧವಾಗಿ, ದೀರ್ಘವಾಗಿ, ಪ್ರಾಣಭಯದ ನಡುವೆಯೂ ಹೊಡೆದ ಲೆಕ್ಕವೆಂದರೆ ಏರನ್‌ರ 755. ಮೂವರಲ್ಲಿ ಒಬ್ಬರನ್ನೇ ಆರಿಸಬೇಕೆಂದರೆ ಈ ಬರಹ ಆರಿಸುವುದು ಏರನ್‌ರನ್ನು. ಬಾಗಿಲು ಎಲ್ಲರಿಗೂ ತೆರೆದ ಮೇಲಿನ ದಾಖಲೆ ಅವರದು, ಮದ್ದಿನ ಕಾಲ ಬರುವ ಮೊದಲಿನದೂ ಹೌದು.

ಒಹ್ತಾನಿಯನ್ನು ಈ ಸಾಲಿನಲ್ಲಿ ಕೂರಿಸಲು ಇನ್ನೂ ಸಮಯವಿದೆ. 2025ರ ಅಕ್ಟೋಬರ್ 17ರಂದು ಮಿಲ್ವಾಕಿ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಅವರು ಪಿಚರ್ ಆಗಿ ಆರು ಇನಿಂಗ್ಸ್‌ವರೆಗೆ ಒಂದು ರನ್ನೂ ಕೊಡದೆ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು, ಬ್ಯಾಟರ್ ಆಗಿ ಮೂರು ಹೋಂ ರನ್ ಬಾರಿಸಿದರು. ರೂತ್ ಕೂಡ ಒಂದೇ ದಿನ ಇಷ್ಟನ್ನು ಮಾಡಿದವರಲ್ಲ. ರೂತ್ ಆಟವನ್ನು ಇಂದಿನ ನಾವು ಮಸುಕು ಚಿತ್ರಗಳಲ್ಲಿ ಮಾತ್ರ ನೋಡಬಹುದು. ಒಹ್ತಾನಿ ಇನ್ನೂ ಮೂವತ್ತರ ಆರಂಭದಲ್ಲಿದ್ದಾರೆ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ಬೆಳಗಿನ 7:30ಕ್ಕೆ ಬರುತ್ತದೆ. ಕಾಫಿಯ ಹೊತ್ತಿಗೆ ಒಂದು ದಿನ ನೋಡಿ.